ಐವತ್ತರಲ್ಲಿ ಮೂರು

ನನ್ನ ಮಾವ ಬೆರ್ತೋಲ್ಡ್ ಲೀನೆರ್ಟ್ ಅವರಿಗೆ ಜಗತ್ತಿನಲ್ಲಿ ಒಂದೇ ಒಂದು ಪರೀಕ್ಷೆ ಗೊತ್ತಿತ್ತು. ಬೂದು ಬಣ್ಣದ ಫ್ಲಾನೆಲ್ ತುಂಡೊಂದನ್ನು ಒದ್ದೆ ಮಾಡಿ, ಅದರ ಮೇಲೆ ಐವತ್ತು ಗೋಧಿ ಕಾಳು ಹರಡಿ, ಮಡಿಸಿ, ತಟ್ಟೆಯಲ್ಲಿಟ್ಟು, ಅಡುಗೆಮನೆಯ ಒಲೆಯ ಹಿಂದಿನ ಹಲಗೆಯ ಮೇಲೆ ಏಳು ದಿನ ಬಿಡುವುದು. ಏಳನೆಯ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲರೂ ನೋಡುವಂತೆ ಬಿಡಿಸುವುದು. ಮೊಳೆತದ್ದು ಬದುಕಿದೆ, ಮೊಳೆಯದ್ದು ಸತ್ತಿದೆ. ಅವರ ಅಜ್ಜ ಸಿಲೇಸಿಯಾ ಎಂಬ ಜರ್ಮನ್ ಸೀಮೆಯಿಂದ ಹಡಗು ಹತ್ತುವಾಗ ಬೈಬಲ್ಲಿನ ಜೊತೆಗೆ ತಂದದ್ದು ಈ ಜ್ಞಾನವೊಂದೇ ಎಂದು ಕಾಣುತ್ತದೆ. ಮೂರು ತಲೆಮಾರಿನಲ್ಲಿ ಅದಕ್ಕೆ ಇನ್ನೊಂದನ್ನು ಸೇರಿಸುವ ಅಗತ್ಯ ಯಾವ ಲೀನೆರ್ಟನಿಗೂ ಕಂಡಿರಲಿಲ್ಲ.

ಗೋಧಿಗೆ ಅದು ಸರಿಯಾದ ಪರೀಕ್ಷೆಯೇ. ಮದುವೆಗೆ ಮುಂಚೆ ಅಡಿಲೇಡಿನ ಬೀಜ ಪರೀಕ್ಷಾಲಯದಲ್ಲಿ ಮೂರು ವರ್ಷ ನಾನು ಮಾಡುತ್ತಿದ್ದ ಕೆಲಸವೂ ಹೆಚ್ಚುಕಡಿಮೆ ಅದೇ. ತೊಂದರೆಯೆಂದರೆ, ಮಾವ ಗೋಧಿಯಲ್ಲದ್ದನ್ನೂ ಗೋಧಿಯೆಂದೇ ನಡೆಸಿಕೊಳ್ಳುತ್ತಿದ್ದರು. ಕುರಿ, ನಾಯಿ, ಹೊಸ ಪಾದ್ರಿ, ಹೆತ್ತ ಮಗ, ಎಲ್ಲರೂ ಏಳು ದಿನದೊಳಗೆ ತಮ್ಮ ಯೋಗ್ಯತೆ ತೋರಿಸಬೇಕಿತ್ತು.

ನಾನು ಆ ಮನೆಗೆ ಬಂದ ವರ್ಷವೇ ಚರ್ಚಿನ ಹೊಲದಲ್ಲಿ ಮೆಡಿಕ್ ಬಿತ್ತಲು ನನ್ನ ಗಂಡ ಎಲ್ಮೋರನನ್ನು ಒಪ್ಪಿಸಿದ್ದೆ. ಹಳೆಯ ಚರ್ಚಿನ ಪಕ್ಕದ ಮುನ್ನೂರು ಎಕರೆ, ಸುಣ್ಣಕಲ್ಲಿನ ಮೇಲೆ ಹಾಸಿದ ತೆಳು ಕೆಂಪು ಮಣ್ಣು. ಮೆಡಿಕ್ ಎಂದರೆ ಮೆಂತ್ಯದ ಬಳಗದ ಮೇವಿನ ಗಿಡ. ಮೂರೆಲೆ, ಸಣ್ಣ ಹಳದಿ ಹೂ, ನೆಲಕ್ಕೆ ಒತ್ತಿಕೊಂಡು ಹಬ್ಬುತ್ತದೆ. ಕುರಿಗೆ ಮೇವು, ಮಣ್ಣಿಗೆ ಸಾರ. ವಸಂತದ ಕೊನೆಗೆ ಸುರುಳಿ ಸುತ್ತಿಕೊಂಡ ಕಾಯಿಗಳನ್ನು ಉದುರಿಸಿ ಒಣಗಿಹೋಗುತ್ತದೆ. ಎರಡು ವರ್ಷ ಅದರಲ್ಲಿ ಕುರಿ ಮೇಯಿಸಿ, ಮುಂದಿನ ಎರಡು ವರ್ಷ ಗೋಧಿ ಬೆಳೆದರೆ, ಉದುರಿದ ಬೀಜ ಅಷ್ಟೂ ಕಾಲ ಮಣ್ಣಿನಲ್ಲಿ ಕಾದಿದ್ದು ಐದನೆಯ ವರ್ಷ ತಾನಾಗಿ ಹುಟ್ಟುತ್ತದೆ. ಮೇಲ್ಮೇಲೆ ಕೆದಕಬೇಕು, ಆಳವಾಗಿ ಉಳಬಾರದು, ಅಷ್ಟೆ. ಇದೇನೂ ನನ್ನ ಸಂಶೋಧನೆಯಲ್ಲ. ನಮ್ಮ ಸೀಮೆಯಲ್ಲಿ ಅರ್ಧ ಜನ ಹೀಗೇ ಬೇಸಾಯ ಮಾಡುತ್ತಾರೆ. ಲೀನೆರ್ಟರು ಉಳಿದರ್ಧ.

ಮೆಡಿಕ್ ಮೇಯಿಸಿದ ಮೇಲಿನ ಎರಡು ವರ್ಷ ಚರ್ಚಿನ ಹೊಲದ ಗೋಧಿ ನಮ್ಮ ಬೇರೆಲ್ಲ ಹೊಲಗಳಿಗಿಂತ ಚೆನ್ನಾಗಿ ಬಂತು. ಅದಕ್ಕೆ ಮಾವ ಕೊಟ್ಟ ಕಾರಣ ಅವರ ಹೊಸ ಕೂರಿಗೆ. ಅದೇ ಹೊಸ ಕೂರಿಗೆಯಿಂದ ಬಿತ್ತಿದ ಉಳಿದ ಹೊಲಗಳಲ್ಲಿ ಯಾಕೆ ಬರಲಿಲ್ಲವೆಂದು ಕೇಳುವಷ್ಟು ಕುತೂಹಲ ಅವರಿಗಿರಲಿಲ್ಲ.

ಸಾವಿರದ ಒಂಬೈನೂರೆಪ್ಪತ್ತರ ಕ್ರಿಸ್‌ಮಸ್ ಊಟದ ಮೇಜಿನಲ್ಲಿ ಈ ಮಾತು ಬಂತು. ನಮ್ಮ ಕಡೆ ಡಿಸೆಂಬರ್ ಎಂದರೆ ನಡುಬೇಸಿಗೆ. ಹೊರಗೆ ನೂರಾನಾಲ್ಕು ಡಿಗ್ರಿ ಬಿಸಿಲು, ಒಳಗೆ ಅತ್ತೆ ಹುಲ್ಡಾ ಬೇಯಿಸಿದ ಬಾತುಕೋಳಿ. ಮುಂದಿನ ವರ್ಷ ಚರ್ಚಿನ ಹೊಲಕ್ಕೆ ಏನೂ ಬಿತ್ತಬೇಕಿಲ್ಲ, ಮೆಡಿಕ್ ತಾನೇ ಬರುತ್ತದೆ ಎಂದು ಎಲ್ಮೋರ್ ಬಾಯಿ ತಪ್ಪಿ ಹೇಳಿದ.

"ಬಿತ್ತದೇನೇ ಬರುತ್ತಾ?" ಮಾವ ಚಾಕು ಕೆಳಗಿಟ್ಟರು. "ಹಾಗಾದ್ರೆ ನಲವತ್ತೆಂಟು ವರ್ಷ ಬಿತ್ತಿದ ನಾನು ದಡ್ಡ."

ನನಗೆ ಉತ್ತರ ಹೊಳೆದಿತ್ತು. ಬಾತುಕೋಳಿಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ.

"ಯಾರು ಹೇಳಿದ್ದು ನಿಂಗೆ? ಇವಳಾ?"

"ಐಲ್ಸಾ ಲೆಕ್ಕ ಹಾಕಿದಾಳೆ, ಡ್ಯಾಡ್," ಎಂದ ಎಲ್ಮೋರ್, ತಟ್ಟೆ ನೋಡುತ್ತ. ಆಲೂಗಡ್ಡೆಯೊಡನೆ ಮಾತಾಡುತ್ತಿರುವ ಹಾಗಿತ್ತು.

"ಸರಿ. ಏಪ್ರಿಲ್ ಇಪ್ಪತ್ತೈದರ ತನಕ ನೋಡ್ತೀನಿ. ತಾನಾಗಿ ಹುಟ್ಟಿದ್ರೆ ಆ ಹೊಲದಲ್ಲಿ ಏನು ಮಾಡಬೇಕು, ಕುರಿ ಯಾವಾಗ ಬಿಡಬೇಕು, ಎಲ್ಲಾ ಅವಳ ಮಾತು. ನಾನು ಬಾಯಿ ಹಾಕಲ್ಲ. ಹುಟ್ಟಲಿಲ್ಲ ಅಂದ್ರೆ ಡಿಸ್ಕ್ ನೇಗಿಲು ಹಾಕಿ ಗೋಧಿ ಬಿತ್ತೋದೇ. ಆಮೇಲೆ ಈ ಮನೇಲಿ ಮೆಡಿಕ್ ಅನ್ನೋ ಹೆಸರು ನನ್ನ ಕಿವಿಗೆ ಬೀಳಬಾರದು."

"ಆಗಲಿ," ಎಂದೆ. ಮೂರು ಸಾವಿರ ಎಕರೆಯಲ್ಲಿ ನನ್ನ ಮಾತು ನಡೆಯಬಹುದಾಗಿದ್ದ ಜಾಗ ಅದೊಂದೇ. ಉಳಿದ ಕಡೆ ನನ್ನ ಓದಿನ ಉಪಯೋಗವೆಂದರೆ ಕುರಿ ಔಷಧದ ಬಾಟಲಿಯ ಮೇಲಿನ ಸಣ್ಣಕ್ಷರ ಓದಿ ಹೇಳುವುದು.

ಮಾರ್ಚ್ ಮೊದಲ ವಾರ ಗುಡುಗು ಮಳೆಯೊಂದು ಒಂದೂವರೆ ಇಂಚು ಸುರಿದು ಹೋಯಿತು. ಐದನೆಯ ಬೆಳಿಗ್ಗೆ ಹೊಲಕ್ಕೆ ಹೋದರೆ ಹಸಿರು. ಅತ್ತೆ ಕಸೂತಿಗೆ ಬಟ್ಟೆ ಬಿಗಿಯುವ ಮರದ ಬಳೆಯನ್ನು ಅಲ್ಲಲ್ಲಿ ನೆಲದ ಮೇಲಿಟ್ಟು, ಮಂಡಿಯೂರಿ, ಬಳೆಯೊಳಗಿನ ಮೊಳಕೆ ಎಣಿಸಿದೆ. ಎಲ್ಲೂ ಮೂವತ್ತಕ್ಕೆ ಕಡಿಮೆಯಿರಲಿಲ್ಲ. ನಂಬಿಕೆಯಾಗದೆ ಮತ್ತೆ ಎಣಿಸಿದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಭಾನುವಾರ ಚರ್ಚಿನ ಅಂಗಳದಲ್ಲಿ ಮೆಡಿಕ್ ಹುಟ್ಟಿತೆಂದು ನಾಲ್ಕು ಜನ ಕೇಳುವಂತೆ ಹೇಳಿಬಿಟ್ಟೆ. ಮಾರ್ಚ್ ತಿಂಗಳ ಮಳೆಯನ್ನು ನಂಬಬಾರದೆಂದು ಪರೀಕ್ಷಾಲಯದ ಕಸ ಗುಡಿಸುವವನಿಗೂ ಗೊತ್ತಿತ್ತು.

ಆಮೇಲೆ ಐದು ವಾರ ಹನಿ ಬೀಳಲಿಲ್ಲ. ಉತ್ತರದ ಬಿಸಿಗಾಳಿ ಬೀಸಿತು. ಮೊಳಕೆಗಳು ಮೊದಲು ಹಳದಿಯಾದವು, ಆಮೇಲೆ ಕಂದು, ಆಮೇಲೆ ಬೆರಳಲ್ಲಿ ತಿಕ್ಕಿದರೆ ಏನೂ ಇಲ್ಲ. ದಿನವೂ ಹೋಗಿ ನೋಡುತ್ತಿದ್ದೆ. ನೋಡಿದ್ದರಿಂದ ಒಂದೂ ಬದುಕಲಿಲ್ಲ.

ಪಕ್ಕದ ಹೊಲದ ಡಡ್ಲಿ ಕ್ರೋನ್ ಬೇಲಿಯಾಚೆಯಿಂದ ಕೂಗಿದ. ಮಾವ ತಮಾಷೆ ಮಾಡಿ ಮುಗಿಸುವ ಮೊದಲೇ ನಗುವುದು ಅವನ ಜೀವನದ ಮುಖ್ಯ ಉದ್ಯೋಗ.

"ಏನ್ ಐಲ್ಸಾ, ನಿನ್ನ ಹಸಿರು ಜಮಖಾನ ಎಲ್ಲಿ? ಒಗೆಯೋಕೆ ಹಾಕಿದ್ಯಾ?"

"ಅದು ಮೊದಲ ಕಂತು, ಡಡ್ಲಿ. ಇನ್ನೂ ಇದೆ ಕೆಳಗೆ."

"ಕೆಳಗೆ ಇದೆ! ನಮ್ಮ ತಾತನೂ ಕೆಳಗೆ ಇದಾನೆ. ಎದ್ದು ಬರಲಿಲ್ಲ ಇನ್ನೂ."

ಕೆಳಗೆ ಇದೆ ಎಂದು ಹೇಳುವುದು ಸುಲಭ. ಇದೆಯೋ ಇಲ್ಲವೋ ಎಂಬ ಭಯದಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಜಾಮಿನ ಖಾಲಿ ಡಬ್ಬವೊಂದನ್ನು ಹೊಲದ ಹನ್ನೆರಡು ಕಡೆ ಒತ್ತಿ ಮಣ್ಣು ತಂದೆ. ಅತ್ತೆಯ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆ. ಕಲ್ಲಿನ ಚೂರು, ಕುರಿ ಹಿಕ್ಕೆ, ಗೋಧಿಯ ಕೂಳೆ, ಅದರ ನಡುವೆ ಒಡೆದ ಸುರುಳಿ ಕಾಯಿಗಳು. ಕಾಯಿ ಬಿಡಿಸಿದರೆ ಹಳದಿ ಬೀಜ, ಹುರುಳಿಕಾಳಿಗಿಂತ ಚಿಕ್ಕದು, ಹೊಳಪು ಮಾಸದ್ದು. ಒಂದೊಂದು ಡಬ್ಬದ ಮಣ್ಣಿಗೆ ಐವತ್ತು, ಅರವತ್ತು. ಅಂಗೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಒಬ್ಬಳೇ ನಿಂತುಕೊಂಡೆ. ಮೇಲೆ ಹುಟ್ಟಿ ಸತ್ತದ್ದು ಕೆಳಗಿರುವುದರ ಹತ್ತರಲ್ಲೊಂದು ಪಾಲೂ ಅಲ್ಲ.

ಹಿಟ್ಟಿನ ಜರಡಿಯಲ್ಲಿ ಮಣ್ಣು ಕಂಡ ಅತ್ತೆ ಅದನ್ನು ಮೂರು ಸಲ ತೊಳೆದರು. ಅದರಿಂದ ಸುದ್ದಿ ಮಾವನಿಗೆ ತಲುಪಿತು. ಸಂಜೆಯ ಕಾಫಿಗೆ ಬಂದಿದ್ದ ಡಡ್ಲಿಯ ಎದುರಿಗೇ ಕೈ ಚಾಚಿದರು.

"ಬದುಕಿದೆಯಾ ಸತ್ತಿದೆಯಾ ಅಂತ ತಿಳಿಯೋಕೆ ಯೂನಿವರ್ಸಿಟಿ ಬೇಕಾಗಿಲ್ಲ. ಐವತ್ತು ಕೊಡು ಇಲ್ಲಿ."

"ಇದು ಗೋಧಿ ಅಲ್ಲ ಡ್ಯಾಡ್. ಇದರ ಸಿಪ್ಪೆ ನೀರನ್ನ ಒಳಗೆ ಬಿಡಲ್ಲ. ಫ್ಲಾನೆಲ್‌ನಲ್ಲಿ ಇಟ್ರೆ ಗೊತ್ತಾಗಲ್ಲ."

"ನೀರು ಬಿಡಲ್ವಂತೆ!" ಡಡ್ಲಿಗೆ ಹಬ್ಬ. "ಬೆರ್ತೋಲ್ಡ್, ನಿನ್ನ ಸೊಸೆಯ ಬೀಜ ರೇನ್‌ಕೋಟ್ ಹಾಕ್ಕೊಂಡಿದೆ!"

"ಬೀಜ ಅಂದ್ಮೇಲೆ ನೆನೆಯುತ್ತೆ, ಮೊಳೆಯುತ್ತೆ. ಇಲ್ಲಾಂದ್ರೆ ಅದು ಕಲ್ಲು," ಎಂದರು ಮಾವ. "ಕೊಡ್ತೀಯೋ, ಹೆದರಿಕೆಯೋ?"

ಇಲ್ಲಿ ನಾನು ಮಾಡಿದ ತಪ್ಪನ್ನು ಯಾರ ಮೇಲೂ ಹೊರಿಸುವ ಹಾಗಿಲ್ಲ. ಬೀಜಗಳ ಸಿಪ್ಪೆಯನ್ನು ಮೊದಲೇ ಗೀರಿ, ನೀರು ಒಳಹೋಗುವಂತೆ ಮಾಡಿ ಕೊಡಬಹುದಿತ್ತು. ಕೊಡುವುದಿಲ್ಲ ಎನ್ನಬಹುದಿತ್ತು. ಆದರೆ ಹೆದರಿಕೆ ಎಂಬ ಮಾತು ಡಡ್ಲಿಯ ಮುಂದೆ ಬಿತ್ತು. ಐವತ್ತು ಎಣಿಸಿ ಕೊಟ್ಟೆ.

ಏಳು ದಿನ ನಾನು ಒಲೆಯ ಹಿಂದಿನ ಹಲಗೆಯ ಕಡೆ ನೋಡದೆ ಅಡುಗೆ ಮಾಡಿದೆ. ಏಪ್ರಿಲ್ ಹದಿನೆಂಟರ ಭಾನುವಾರ ಮಾವ ಫ್ಲಾನೆಲ್ ಬಿಡಿಸಿದರು. ಮೂರು ಮೊಳೆತಿದ್ದವು. ನಲವತ್ತೇಳು ಇಟ್ಟ ಹಾಗೇ ಇದ್ದವು, ಸ್ವಲ್ಪವೂ ಉಬ್ಬದೆ.

"ಐವತ್ತರಲ್ಲಿ ಮೂರು," ಎಂದರು. ಸ್ಮಶಾನದಲ್ಲಿ ಪಾದ್ರಿಗೆ ಇರುವ ಗಂಭೀರತೆಯಿತ್ತು ಆ ದನಿಗೆ.

"ಮೂರು ಸಾಕು ಡ್ಯಾಡ್. ಒಂದು ಡಬ್ಬದ ಮಣ್ಣಲ್ಲಿ ಐವತ್ತರ ಮೇಲೆ ಇದೆ. ಅದರಲ್ಲಿ ಮೂರು ಹುಟ್ಟಿದ್ರೂ ಹೊಲ ತುಂಬುತ್ತೆ. ಮಿಕ್ಕಿದ್ದು ಸತ್ತಿಲ್ಲ, ಮುಂದಿನ ವರ್ಷಗಳಿಗೆ ಉಳಿದಿದೆ. ಮಾರ್ಚ್ ಮಳೆಗೆ ಎಲ್ಲಾ ಒಟ್ಟಿಗೆ ಹುಟ್ಟಿದ್ದಿದ್ರೆ ಇವತ್ತು ಏನೂ ಇರ್ತಿರಲಿಲ್ಲ."

"ಐವತ್ತಕ್ಕೆ ಮೂರು ಮೊಳೆಯೋ ಗೋಧಿನ ನಾನು ಹಂದಿಗೆ ಹಾಕ್ತೀನಿ."

ಮಾತಾಡಿ ಪ್ರಯೋಜನವಿರಲಿಲ್ಲ. ಎಲ್ಮೋರನ ಬಡಗಿ ಪೆಟ್ಟಿಗೆಯಿಂದ ಉಪ್ಪು ಕಾಗದ ತಂದೆ. ಆ ನಲವತ್ತೇಳನ್ನೂ ಒಂದೊಂದಾಗಿ ಬೆರಳ ತುದಿಯಲ್ಲಿ ಹಿಡಿದು, ಸಿಪ್ಪೆ ಮಂಕಾಗುವಷ್ಟು ಉಜ್ಜಿ, ಅದೇ ಫ್ಲಾನೆಲ್ಲಿನ ಮೇಲೆ ಅದೇ ತಟ್ಟೆಯಲ್ಲಿಟ್ಟೆ. ಮಾರನೆಯ ಬೆಳಿಗ್ಗೆಗೆ ಉಬ್ಬಿ ಎರಡರಷ್ಟಾಗಿದ್ದವು. ಮಂಗಳವಾರ ಸಂಜೆಗೆ ನಲವತ್ನಾಲ್ಕು ಬಿಳಿ ಬೇರು ಬಿಟ್ಟಿದ್ದವು. ತಟ್ಟೆಯನ್ನು ಕಾಫಿ ಕೇಕಿನ ಪಕ್ಕದಲ್ಲಿಟ್ಟೆ.

ಮಾವ ಕನ್ನಡಕ ಹಾಕಿಕೊಂಡು ನೋಡಿದರು. ಡಡ್ಲಿಯೂ ಬಗ್ಗಿ ನೋಡಿದ. ಒಂದು ಕ್ಷಣ, ನಿಜವಾಗಿಯೂ ಒಂದೇ ಕ್ಷಣ, ಇವರಿಗೆ ಅರ್ಥವಾಯಿತು ಎಂದುಕೊಂಡೆ.

"ಉಪ್ಪು ಕಾಗದದಲ್ಲಿ ಉಜ್ಜಿದ್ರೆ ನಾನೂ ಮೊಳೀತೀನಿ," ಎಂದರು ಮಾವ.

ಡಡ್ಲಿ ಕೇಕಿನ ಚೂರನ್ನು ಮೇಜಿನ ಮೇಲೆಲ್ಲ ಉಗುಳುವಷ್ಟು ನಕ್ಕ.

"ಮುನ್ನೂರು ಎಕರೇಲಿ ಒಂದೊಂದನ್ನೂ ಕೂತ್ಕೊಂಡು ಉಜ್ಜೋರು ಯಾರಮ್ಮ? ನೀನಾ?" ಎಂದು ಮಾವ ಮುಂದುವರಿಸಿದರು.

"ಬೇಸಿಗೆ ಉಜ್ಜುತ್ತೆ, ಡ್ಯಾಡ್. ಮೇಲ್ಮಣ್ಣು ಹಗಲು ಕಾಯುತ್ತೆ, ರಾತ್ರಿ ಆರುತ್ತೆ. ಮೂರು ತಿಂಗಳು ಹಾಗಾದ್ರೆ ಕೆಲವು ಬೀಜದ ಸಿಪ್ಪೆ ಬಿರಿಯುತ್ತೆ. ಪ್ರತಿ ವರ್ಷ ಒಂದಷ್ಟು. ಇನ್ನೈದು ದಿನ ಇದೆಯಲ್ಲ, ಮಳೆಗೆ ಕಾಯಿರಿ. ನೀವೇ ಹೇಳಿದ ದಿನ."

"ಸತ್ತ ಕುದುರೆಗೆ ಹುಲ್ಲು ಹಾಕೋಕೆ ಐದು ದಿನ ಯಾಕೆ? ಎಲ್ಮೋರ್, ನಾಳೆ ಡಿಸ್ಕ್ ಕಟ್ಟು. ಎಂಟು ಇಂಚು."

ನಾನು ಎಲ್ಮೋರನ ಮುಖ ನೋಡಿದೆ. ಅವನು ಎದ್ದು ಹೊರಗೆ ಹೋಗಿ ಟ್ರ್ಯಾಕ್ಟರಿನ ಎಣ್ಣೆ ನೋಡಿದ. ಮೊಳೆತ ಬೀಜಗಳನ್ನು ಅವನೇ ನನ್ನ ಜೊತೆ ಎಣಿಸಿದ್ದ, ನಲವತ್ನಾಲ್ಕು ಎಂದು ಅವನೇ ಮೊದಲು ಹೇಳಿದ್ದ. ಮಲಗುವ ಕೋಣೆಯಲ್ಲಿ ಕೇಳಿದ್ದಕ್ಕೆ, "ಡ್ಯಾಡ್ ಹೇಳಿದ್ರಲ್ಲ," ಎಂದ. ಮೂವತ್ತಾರು ವರ್ಷದ ಗಂಡಸು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ಎದುರಿಗೆ ಯಾರಾದರೂ ಇರಬೇಕು.

ಬುಧವಾರ ಬೇಲಿಯ ಹತ್ತಿರ ನಿಂತು ನೋಡಿದೆ. ಡಿಸ್ಕಿನ ತಟ್ಟೆಗಳು ಮಣ್ಣನ್ನು ಎತ್ತಿ ಮಗುಚುತ್ತ ಹೋದವು. ಮೇಲಿದ್ದದ್ದು ಕೆಳಗೆ, ಕೆಳಗಿದ್ದ ಬಿಳಿ ಸುಣ್ಣದ ಹೆಂಟೆ ಮೇಲೆ. ಸಂಜೆಗೆ ಉತ್ತಷ್ಟೂ ಹೊಲ ಮೂಳೆ ಚೆಲ್ಲಿದಂತಿತ್ತು. ಎಂಟು ಇಂಚು ಕೆಳಗೆ ಆ ಬೀಜಗಳಿಗೆ ಏನಾಗುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ಏನೂ ಆಗುವುದಿಲ್ಲ. ಅಲ್ಲಿಗೆ ಬಿಸಿಲಿಲ್ಲ, ಹಗಲು ರಾತ್ರಿಯ ಏರಿಳಿತವಿಲ್ಲ. ಸಿಪ್ಪೆ ಬಿರಿದ ಕೆಲವು ಅಲ್ಲೇ ಮೊಳೆತು, ಮೇಲೆ ಬರಲಾರದೆ ಸಾಯುತ್ತವೆ. ಗಟ್ಟಿಯಾದವು ಇದ್ದ ಹಾಗೇ ಇರುತ್ತವೆ. ಇದನ್ನು ಯಾರಿಗೂ ಹೇಳಲಿಲ್ಲ. ಆ ಹೆಸರು ಮನೆಯಲ್ಲಿ ಎತ್ತುವಂತಿರಲಿಲ್ಲ.

ಮಳೆ ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಬಂತು. ನೇಗಿಲು ಬಿದ್ದು ಎಂಟು ದಿನವಾಗಿತ್ತು. ಡಿಸ್ಕ್ ತಿರುಗುವಾಗ ಬೇಲಿಯಂಚಿನಲ್ಲಿ ಬಿಟ್ಟಿದ್ದ ಎರಡು ಗಜದ ಪಟ್ಟಿಯಲ್ಲಿ ಮೆಡಿಕ್ ಒತ್ತಾಗಿ ಹುಟ್ಟಿತು. ಮಾವ ದಿನವೂ ಅದನ್ನು ದಾಟಿಕೊಂಡೇ ಹೊಲಕ್ಕೆ ಹೋಗಿ ಬಂದರು. ಬೂಟಿಗೆ ಅಂಟಿದ ಎಲೆಯನ್ನು ಬಾಗಿಲ ಬಳಿ ಉಜ್ಜಿ ಒಳಗೆ ಬಂದರು.

ಮೂರನೆಯ ವರ್ಷವೂ ಅದೇ ಹೊಲಕ್ಕೆ ಗೋಧಿ ಬಿದ್ದರೆ ಏನಾಗಬೇಕೋ ಅದೇ ಆಯಿತು. ಅಕ್ಟೋಬರಿನಲ್ಲಿ, ಬೇರೆ ಹೊಲಗಳು ಇನ್ನೂ ಹಸಿರಿದ್ದಾಗ, ಚರ್ಚಿನ ಹೊಲದ ತೆನೆಗಳು ಬೆಳ್ಳಗಾದವು. ತೆನೆ ಬಿಡಿಸಿದರೆ ಕಾಳಿಲ್ಲ. ಗಿಡ ಕಿತ್ತರೆ ಬೇರು ಮಸಿಯಂತೆ ಕಪ್ಪು. ಬೇರು ಕೊಳೆಯುವ ರೋಗ, ಗೋಧಿಯ ಮೇಲೆ ಗೋಧಿ ಬಿತ್ತಿದ್ದಕ್ಕೆ ಮಣ್ಣು ಕೊಡುವ ರಸೀದಿ. ಮಾವ ಅದಕ್ಕೆ ಮೊದಲು ಗಾಳಿ ಎಂದರು, ಆಮೇಲೆ ಇಬ್ಬನಿ ಎಂದರು, ಕೊನೆಗೆ ಗೊಬ್ಬರ ಮಾರಿದವನು ನಮ್ಮ ಪಂಥದವನಲ್ಲ, ಕ್ಯಾಥೊಲಿಕ್ ಎಂದರು.

ಜನವರಿಯಲ್ಲಿ ಆ ಹೊಲಕ್ಕೆ ಏನು ಮಾಡುವುದೆಂದು ಮಾತು ನಡೆಯಿತು. ಈ ವರ್ಷ ಅಲ್ಲಿ ಗೋಧಿ ಬೇಡ, ಪಾಳು ಬಿಡುವುದೆಂದು ಮಾವನೇ ಹೇಳಿದ್ದರು. ಕೂಳೆಗೆ ಬೆಂಕಿ ಹಾಕಿ ಮೇಲೆ ಕೆದಕಿ ಬಿಡುವುದೋ, ಮತ್ತೆ ಡಿಸ್ಕ್ ಹಾಕುವುದೋ. ಮಾವನಿಗೆ ಆ ವರ್ಷ ಮೊದಲ ಸಲ ಅನುಮಾನ ಬಂದಂತಿತ್ತು. ಕಾಫಿ ಬಟ್ಟಲನ್ನು ತಿರುಗಿಸುತ್ತ ಕೂತಿದ್ದರು. ಬೆಂಕಿಯ ಕಡೆಗೇ ವಾಲುತ್ತಿದ್ದರು. ಬೆಂಕಿ ಹಾಕಿದರೆ ಬೀಜ ಎಂಟು ಇಂಚಿನ ಕೆಳಗೇ ಉಳಿಯುತ್ತದೆ, ಬಹುಶಃ ನಾನು ಸಾಯುವ ತನಕ.

ಪಾತ್ರೆ ಒರೆಸುತ್ತ, ತಿರುಗಿ ನೋಡದೆ ಹೇಳಿದೆ: "ಆಳವಾಗಿ ಮಾತ್ರ ಉಳಬೇಡಿ, ಡ್ಯಾಡ್. ಅದಕ್ಕೆ ಒಳ್ಳೇದಲ್ಲ ಅಂತ ಓದಿದ್ದೆ."

ಮಾವನ ಬಟ್ಟಲು ನಿಂತಿತು.

"ಓದಿದ್ದಾ?"

"ಹೂಂ. ಕೃಷಿ ಇಲಾಖೆಯ ಪುಸ್ತಕದಲ್ಲಿ."

"ಎಲ್ಮೋರ್," ಎಂದರು, "ಒಂಬತ್ತು ಇಂಚು."

ಮೊದಲ ಸಲದಷ್ಟೇ ಚೊಕ್ಕವಾಗಿ ಡಿಸ್ಕ್ ಕೆಲಸ ಮಾಡಿತು. ಕೆಳಗಿದ್ದದ್ದು ಮೇಲೆ ಬಂತು. ಫೆಬ್ರವರಿ, ಮಾರ್ಚ್ ಪೂರ್ತಿ ಬಿಸಿಲು ಕಾಯಿತು. ನಾನು ಒಂದು ದಿನವೂ ಆ ಕಡೆ ಹೋಗಲಿಲ್ಲ. ಹೋದರೆ ಮಾವನಿಗೆ ಗುಮಾನಿ ಬರುತ್ತದೆಂಬ ಭಯ, ಜೊತೆಗೆ ನೋಡಿದರೆ ಏನೂ ಇರುವುದಿಲ್ಲವೆಂಬ ಭಯ. ಮೇ ಮೊದಲ ವಾರ ಹದವಾದ ಮಳೆಯಾಗಿ, ಹತ್ತನೆಯ ತಾರೀಕು ಎಲ್ಮೋರ್ ಹೊಲದಿಂದ ಬಂದು ಬಾಗಿಲಲ್ಲೇ ನಿಂತ.

"ಐಲ್ಸಾ, ಅದು... ಅದು ಬಂದಿದೆ."

"ಯಾವುದು?"

ಅವನು ಅಪ್ಪನ ಕಡೆ ನೋಡಿ, ಹೆಸರು ಹೇಳದೆ, ಮೂರು ಬೆರಳು ಎತ್ತಿ ತೋರಿಸಿದ. ಮೂರೆಲೆ.

ಕಸೂತಿಯ ಬಳೆಯೊಳಗೆ ಇಪ್ಪತ್ತು, ಇಪ್ಪತ್ತೈದು. ಉಳುಮೆಯ ಸಾಲಿಗೆ ಸರಿಯಾಗಿ ಪಟ್ಟೆ ಪಟ್ಟೆಯಾಗಿ ಬಂದಿತ್ತು. ಜುಲೈಗೆ ಪಟ್ಟೆಗಳು ಕೂಡಿಕೊಂಡವು. ಮುನ್ನೂರು ಎಕರೆ ಪಾದ ಮುಳುಗುವಷ್ಟು ಹಸಿರು.

ಆಗಸ್ಟಿನಲ್ಲಿ ಕೃಷಿಕರ ಸಂಘದವರು ಹೊಲ ನೋಡಲು ಬಂದರು. ಪ್ರತಿ ವರ್ಷದ ಪದ್ಧತಿ. ಇಪ್ಪತ್ತು ಗಂಡಸರು ಸ್ವೆಟರ್ ತೊಟ್ಟು ಹೊಲದಿಂದ ಹೊಲಕ್ಕೆ ನಡೆದು ಒಬ್ಬರ ಬೇಸಾಯವನ್ನು ಒಬ್ಬರು ಹೊಗಳುತ್ತಾರೆ, ಹೆಂಗಸರು ಚಹಾ ಸುರಿಯುತ್ತಾರೆ. ಚಹಾದ ಪಾತ್ರೆಯ ಹಿಂದೆ ನಿಂತು ಮಾವನ ಭಾಷಣ ಕೇಳಿದೆ.

"ಇದರ ಗುಟ್ಟು ಏನಂದ್ರೆ," ಎನ್ನುತ್ತಿದ್ದರು, ಇಲಾಖೆಯಿಂದ ಬಂದ ಎಳೆ ಅಧಿಕಾರಿಗೆ, "ಬೀಜ ಬಲು ಗಟ್ಟಿ. ರೇನ್‌ಕೋಟ್ ಹಾಕ್ಕೊಂಡಿರುತ್ತೆ. ಮಾರ್ಚ್ ಮಳೆಗೆ ಮೋಸ ಹೋಗುತ್ತೆ ಅಂತ ನಾನೇ ಒಂದು ವರ್ಷ ಕೆಳಗೆ ಹಾಕಿಟ್ಟಿದ್ದೆ. ಎಂಟು ಇಂಚು. ಜೋಪಾನವಾಗಿ. ಆಮೇಲೆ ಸಮಯ ನೋಡಿ ಮೇಲೆ ತಂದೆ."

"ಹೌದೌದು," ಎಂದ ಡಡ್ಲಿ. "ನಾನು ಆಗಲೇ ಹೇಳಿದ್ದೆ, ಕೆಳಗೆ ಇದೆ ಅಂತ."

ಅಧಿಕಾರಿ ಬರೆದುಕೊಂಡ. ಆ ಎಳೆಯನಿಗೆ ಬೀಜದ ಬಗ್ಗೆ ನಾಲ್ಕು ಪ್ರಶ್ನೆ ಕೇಳುವ ಆಸೆ ನನಗಾಯಿತು. ಸಕ್ಕರೆ ಎಷ್ಟು ಎಂದು ಕೇಳಿದೆ.

ಆ ರಾತ್ರಿ ಊಟಕ್ಕೆ ಕೂತಾಗ ಇನ್ನು ಸುಮ್ಮನಿರಬಾರದೆನಿಸಿತು. ಮಾತನ್ನು ಮೂರು ಸಲ ಮನಸ್ಸಿನಲ್ಲಿ ಹೇಳಿಕೊಂಡು ಹೇಳಿದೆ.

"ಡ್ಯಾಡ್, ಬಿತ್ತದೇ ಹುಟ್ಟಿದ್ರೆ ಹೊಲ ನನ್ನ ಮಾತಿನಂತೆ ಅಂದಿದ್ರಿ."

ಮಾವ ಮಾಂಸ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ತಾನಾಗಿ ಹುಟ್ಟಿದ್ರೆ ಅಂದಿದ್ದೆ. ತಾನಾಗಿ ಎಲ್ಲಿ ಹುಟ್ತು? ನಾನು ಉತ್ತಿದ್ದಕ್ಕೆ ಹುಟ್ತು. ನೀನು ಉಳಬೇಡಿ ಅಂದಿದ್ದೆ. ಇಲಾಖೆ ಪುಸ್ತಕ ಅಂದಿದ್ದೆ. ಎಲ್ಮೋರ್ ಕೇಳಿಸ್ಕೊಂಡಿದಾನೆ. ಕೇಳಿಸ್ಕೊಂಡಿಲ್ವೇನೋ?"

"ಕೇಳಿಸ್ಕೊಂಡೆ, ಡ್ಯಾಡ್," ಎಂದ ಎಲ್ಮೋರ್ ಆಲೂಗಡ್ಡೆಗೆ.

ನಿಮ್ಮನ್ನು ಉಳುವಂತೆ ಮಾಡಿದವಳು ನಾನೇ ಎಂದು ಹೇಳಿದರೆ ನಂಬುವವರಿಲ್ಲ, ನಂಬಿದರೆ ಇನ್ನೂ ಕೆಟ್ಟದ್ದು. ಅಷ್ಟೊಂದು ಜಾಣತನದಿಂದ ನಾನು ಗೆದ್ದದ್ದು ಮಾವನ ಹೆಸರಿನಲ್ಲಿ ಒಂದು ಹಸಿರು ಹೊಲ. ಅವರನ್ನು ತಿರಸ್ಕರಿಸುವುದರಲ್ಲೇ ಐದು ವರ್ಷ ಮುಳುಗಿದ್ದವಳು ಲೆಕ್ಕದಲ್ಲಿ ನನ್ನನ್ನು ಮರೆತುಬಿಟ್ಟಿದ್ದೆ. ಆ ಮೇಜಿನಲ್ಲಿ ದಡ್ಡರು ಕಡಿಮೆಯೇನೂ ಇರಲಿಲ್ಲ.

ಅತ್ತೆ ಹುಲ್ಡಾ ಸಾಸಿವೆಯ ಬಟ್ಟಲನ್ನು ನನ್ನ ಕಡೆ ತಳ್ಳಿದರು. ನಾನು ಕೇಳಿರಲಿಲ್ಲ.

ಸೆಪ್ಟೆಂಬರ್ ಎರಡನೆಯ ವಾರ ಮೆಡಿಕ್ ಹೂ ಬಿಟ್ಟಿತು. ಆರುನೂರು ಹೆಣ್ಣುಕುರಿಗಳು ಅದರಲ್ಲಿದ್ದವು, ಹೊಟ್ಟೆ ಡೋಲಿನಂತಾಗಿತ್ತು. ಇನ್ನು ಎರಡು ವಾರ ಅಲ್ಲೇ ಬಿಟ್ಟರೆ ಹೂವೆಲ್ಲ ತಿಂದು ಕಾಯಿ ಕಟ್ಟಲು ಏನೂ ಉಳಿಯುತ್ತಿರಲಿಲ್ಲ. ಬೇಗ ತೆಗೆದರೆ ಗಿಡ ಬಲಿತು ಒಣಹುಲ್ಲಾಗಿ ಮೇವು ದಂಡ. ಇದು ಮಾವನಿಗೆ ತಿಳಿಯದು. ತಿಳಿಯದೆಂದು ಅವರಿಗೆ ತಿಳಿದಿತ್ತು. ಸಂಘದವರು ಮುಂದಿನ ವರ್ಷ ಮತ್ತೆ ನೋಡಲು ಬರುತ್ತಾರೆ, ಇಲಾಖೆಯ ಎಳೆ ಅಧಿಕಾರಿ ಬರೆದುಕೊಂಡು ಹೋಗಿದ್ದಾನೆ. ಮೂರು ದಿನ ಅವರು ಬೆಳಿಗ್ಗೆ ಗೇಟಿನ ತನಕ ಹೋಗಿ, ಕೈಯನ್ನು ಸರಪಳಿಯ ಮೇಲಿಟ್ಟು, ವಾಪಸು ಬಂದರು. ಕಿಟಕಿಯಿಂದ ನೋಡುತ್ತಿದ್ದೆ.

ನಾಲ್ಕನೆಯ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ನಾನು ಅವರ ಎದುರಿಗೇ, ಒಂದು ಗಜ ದೂರದಲ್ಲಿ ಕೂತಿದ್ದೆ. ಅವರು ಮಗನ ಕಡೆ ತಿರುಗಿದರು.

"ಎಲ್ಮೋರ್. ಚರ್ಚಿನ ಹೊಲದ ಕುರಿ ಯಾವಾಗ ತೆಗೀಬೇಕಂತೆ ಕೇಳು."

ಎಲ್ಮೋರ್ ನನ್ನ ಕಡೆ ತಿರುಗಿದ. "ಐಲ್ಸಾ, ಕುರಿ ಯಾವಾಗ..."

ಮನಸ್ಸಿಗೆ ಬಂದ ಉತ್ತರಗಳೆಲ್ಲ ಚೆನ್ನಾಗಿದ್ದವು. ಪುಸ್ತಕದಲ್ಲಿ ಏನಿದೆಯೋ ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಜೋಪಾನವಾಗಿ ಕೆಳಗಿಟ್ಟವರನ್ನೇ ಕೇಳು ಎನ್ನಬಹುದಿತ್ತು. ಇನ್ನೆರಡು ವಾರ ಬಿಡಿ ಎಂದು ಸುಳ್ಳು ಹೇಳಬಹುದಿತ್ತು, ಅದು ಎಲ್ಲಕ್ಕಿಂತ ಚೆನ್ನಾಗಿತ್ತು. ಬೀಜ ಮಾತ್ರ ಹೋಗುತ್ತಿತ್ತು.

"ಇವತ್ತೇ ಅಂತ ಹೇಳು," ಎಂದೆ ಎಲ್ಮೋರನಿಗೆ. "ಮಧ್ಯಾಹ್ನದೊಳಗೆ. ಕಾಯಿ ಒಣಗಿ ಉದುರೋ ತನಕ ಒಂದು ಕುರಿಯೂ ಒಳಗೆ ಬರಬಾರದು. ಡಿಸೆಂಬರಿಗೆ ಮತ್ತೆ ಬಿಡಬಹುದು, ಮೂರು ವಾರ ಮಾತ್ರ. ಜಾಸ್ತಿ ಬಿಟ್ರೆ ಕಾಯಿ ಹೆಕ್ಕಿ ತಿಂತಾವೆ. ಎರಡು ವರ್ಷ ಮೆಡಿಕ್ ಇರಲಿ. ಆಮೇಲೆ ಗೋಧಿ. ಡಿಸ್ಕ್ ಕೊಟ್ಟಿಗೇಲೇ ಇರಲಿ ಅಂತ ಹೇಳು."

ಮೆಡಿಕ್ ಎಂಬ ಹೆಸರು ಒಂದೂವರೆ ವರ್ಷದ ಮೇಲೆ ಆ ಮನೆಯಲ್ಲಿ ಕಿವಿಗೆ ಬಿತ್ತು. ಎಲ್ಮೋರ್ ಅಪ್ಪನ ಕಡೆ ತಿರುಗಿ ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದ.

"ಕೇಳಿಸ್ತು, ಕೇಳಿಸ್ತು," ಎಂದು ಮಾವ ಗದರಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡರು.

ನಾನು ಬೂಟು ಹಾಕಿಕೊಂಡು, ನಾಯಿಯನ್ನು ಕೂಗಿ, ಗೇಟು ತೆರೆಯಲು ಹೋದೆ.